ಕೊಲೆಸ್ಟ್ರಾಲ್ ಇಂಜೆಕ್ಷನ್: ತೆರಿಗೆ ಹೋಯಿತು, ಬೆಲೆ ಇಳಿಯಬೇಕು

ಮಾನ್ಯರೇ,

ಕೊಲೆಸ್ಟ್ರಾಲ್ ಇಳಿಸುವ ಇಂಜೆಕ್ಷನ್‌ಗಳ ಮೇಲಿದ್ದ ಶೇ 12ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಪೂರ್ತಿ ತೆಗೆದಿದ್ದಾರೆ. ಎವೊಲೊಕುಮ್ಯಾಬ್, ಅಲಿರೊಕುಮ್ಯಾಬ್, ಇನ್‌ಕ್ಲಿಸಿರಾನ್ ಮೂರೂ ತೆರಿಗೆ ತೆಗೆದ ಔಷಧಿಗಳ ಪಟ್ಟಿಯಲ್ಲಿವೆ. ಒಳ್ಳೆಯ ಕೆಲಸ. ಆದರೂ ಇನ್‌ಕ್ಲಿಸಿರಾನ್‌ಗೆ ವರ್ಷಕ್ಕೆ ಲಕ್ಷ ರೂಪಾಯಿಗೂ ಜಾಸ್ತಿ ಬೇಕು. ಅಷ್ಟು ದುಡ್ಡನ್ನು ಬಡವರು ಎಲ್ಲಿಂದ ತರಬೇಕು?

ನಾನು ಮೆಡಿಕಲ್ ಸ್ಟೋರ್ ನಡೆಸುವವನು. ‘ಆರು ತಿಂಗಳಿಗೊಂದು ಸೂಜಿ ಬಂದಿದೆಯಂತೆ, ದಿನಾ ಮಾತ್ರೆ ನುಂಗೋದು ಬಿಡಬಹುದಲ್ವಾ?’ ಎಂದು ಜನ ಕೇಳುತ್ತಾರೆ. ದಯವಿಟ್ಟು ಬಿಡಬೇಡಿ. 2017ರಲ್ಲಿ ಎವೊಲೊಕುಮ್ಯಾಬ್‌ನ ದೊಡ್ಡ ಅಧ್ಯಯನದ ಫಲಿತಾಂಶ ಬಂತು. ಅದರಲ್ಲಿದ್ದ 27 ಸಾವಿರಕ್ಕೂ ಹೆಚ್ಚು ಜನರೂ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದವರೇ. ಮಾತ್ರೆಯ ಜೊತೆಗೆ ಇಂಜೆಕ್ಷನ್ ಕೊಟ್ಟಾಗ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಇನ್ನೂ ಸುಮಾರು ಶೇ 60ರಷ್ಟು ಇಳಿಯಿತು, ಹೃದಯಾಘಾತವೂ ಕಡಿಮೆಯಾಯಿತು. ಹೆಚ್ಚಿನವರಿಗೆ ಕೆಲವೇ ರೂಪಾಯಿಯ ಅಟೊರ್ವಾಸ್ಟ್ಯಾಟಿನ್ ಎಂಬ ಸ್ಟ್ಯಾಟಿನ್ ಮಾತ್ರೆ ಸಾಕು. ಜನೌಷಧಿ ಕೇಂದ್ರದಲ್ಲಿ ಅದು ಇನ್ನೂ ಅಗ್ಗ.

ಈ ಇಂಜೆಕ್ಷನ್ ನಿಜಕ್ಕೂ ಬೇಕಾಗಿರುವವರು ಬೇರೆ. ನನ್ನ ಅಂಗಡಿಗೆ ಬರುವ ಒಬ್ಬ ಆಟೊ ಚಾಲಕನಿಗೆ ಇನ್ನೂ ನಲವತ್ತಾಗಿಲ್ಲ. ಸ್ಟ್ಯಾಟಿನ್ ಪೂರ್ತಿ ಡೋಸ್, ಜೊತೆಗೆ ಕೊಲೆಸ್ಟ್ರಾಲ್‌ನ ಇನ್ನೊಂದು ಮಾತ್ರೆ ಎಜೆಟಿಮೈಬ್, ಒಂದು ದಿನವೂ ತಪ್ಪಿಸುವುದಿಲ್ಲ. ಆದರೂ ಎಲ್‌ಡಿಎಲ್ 190ರ ಕೆಳಗೆ ಬಂದಿಲ್ಲ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು ಬೆರಳಿನಷ್ಟು ದಪ್ಪ, ರೆಪ್ಪೆಯ ಅಂಚಿನಲ್ಲಿ ಹಳದಿ ಗಂಟು. ಅಪ್ಪ ಹೃದಯಾಘಾತದಿಂದ ಸಣ್ಣ ವಯಸ್ಸಿಗೇ ಹೋದರು. ಇದು ಎಣ್ಣೆ, ಬೋಂಡ ಜಾಸ್ತಿ ತಿಂದು ಬಂದದ್ದಲ್ಲ, ವಂಶದಿಂದ ಬಂದದ್ದು. ಸುಮಾರು 250–300 ಜನರಲ್ಲಿ ಒಬ್ಬರಿಗೆ ಹೀಗಿರುತ್ತದೆ. ಅಪ್ಪ ಅಥವಾ ಅಮ್ಮನಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ರಕ್ತದ ಎಲ್‌ಡಿಎಲ್ ಅನ್ನು ಹಿಡಿದು ಒಳಗೆಳೆದುಕೊಳ್ಳುವ ಗ್ರಾಹಕಗಳು (ರಿಸೆಪ್ಟರ್) ಯಕೃತ್ತಿನ ಮೇಲಿರುತ್ತವೆ. ಪಿಸಿಎಸ್‌ಕೆ9 ಎಂಬ ಪ್ರೊಟೀನ್ ಅವನ್ನು ನಾಶ ಮಾಡುತ್ತದೆ. ಎವೊಲೊಕುಮ್ಯಾಬ್ ಈ ಪ್ರೊಟೀನನ್ನು ಕಟ್ಟಿಹಾಕುತ್ತದೆ. ಇನ್‌ಕ್ಲಿಸಿರಾನ್ ಅದು ಯಕೃತ್ತಿನಲ್ಲಿ ತಯಾರಾಗುವುದನ್ನೇ ತಡೆಯುತ್ತದೆ. ಮೊದಲ ಡೋಸ್ ಆಗಿ ಮೂರು ತಿಂಗಳಿಗೆ ಎರಡನೆಯದು, ಆಮೇಲೆ ಆರು ತಿಂಗಳಿಗೊಮ್ಮೆ. ಎವೊಲೊಕುಮ್ಯಾಬ್‌ನಂತೆ ಎರಡು ವಾರಕ್ಕೊಮ್ಮೆ ಇಂಜೆಕ್ಷನ್ ತರಿಸಿ ಫ್ರಿಜ್‌ನಲ್ಲಿಡುವ ತಾಪತ್ರಯವಿಲ್ಲ. ಹಳ್ಳಿಯವರಿಗೆ ಇದೇ ಅನುಕೂಲ, ಅಲ್ವಾ?

2025ರ ಜೂನ್–ಜುಲೈನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಜನ ಹೆದರಿ ಜಯದೇವ ಆಸ್ಪತ್ರೆಗೆ ಮುಗಿಬಿದ್ದರು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಟೆನೆಕ್ಟೆಪ್ಲೇಸ್ ಉಚಿತವಾಗಿ ಕೊಡುತ್ತಿದ್ದಾರೆ. ಎಷ್ಟೋ ಮನೆಯ ದೀಪ ಉಳಿಸಿದ ಇಂಜೆಕ್ಷನ್ ಅದು. ಆದರೆ ಅದು ಕೆಲಸಕ್ಕೆ ಬರುವುದು ಹೃದಯಾಘಾತ ಆದಮೇಲೆ. ಆಗದಂತೆ ತಡೆಯುವ ಇಂಜೆಕ್ಷನ್‌ಗೂ ಅದೇ ಮನಸ್ಸು ತೋರಿಸಬಾರದೇ?

ಚಿಕ್ಕ ವಯಸ್ಸಿಗೆ ಹೃದಯಾಘಾತವಾದವರ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳನ್ನು ಆಸ್ಪತ್ರೆಯೇ ಕರೆಸಿ ಲಿಪಿಡ್ ಪ್ರೊಫೈಲ್ ಮಾಡಿಸಲಿ. ಅದಕ್ಕೆ ಬೇಕಾದದ್ದು ಒಂದು ರಕ್ತ ಪರೀಕ್ಷೆ ಅಷ್ಟೇ. ಮಾತ್ರೆಗೆ ಬಗ್ಗದ ವಂಶವಾಹಿ ಕೊಲೆಸ್ಟ್ರಾಲ್ ಇರುವವರಿಗಾದರೂ ಇಂಜೆಕ್ಷನ್ ಅನ್ನು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ಕೊಡಲಿ. 2021ರಲ್ಲಿ ಇಂಗ್ಲೆಂಡ್‌ನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್, ಔಷಧಿ ತಯಾರಿಸುವ ಕಂಪನಿಯೊಂದಿಗೆ ಕೂತು ಮಾತಾಡಿ ಇನ್‌ಕ್ಲಿಸಿರಾನ್ ಬೆಲೆ ಇಳಿಸಿಕೊಂಡಿತು. ಇಡೀ ರಾಜ್ಯಕ್ಕೆ ಒಟ್ಟಿಗೆ ಖರೀದಿಸುತ್ತೇವೆಂದರೆ ನಮ್ಮ ಸರ್ಕಾರವೂ ಚೌಕಾಸಿ ಮಾಡಬಹುದು. ಯಾರಿಗೆ ಕೊಡಬೇಕು, ಯಾರಿಗೆ ಮಾತ್ರೆ ಸಾಕು ಎಂಬುದನ್ನು ಜಯದೇವದ ವೈದ್ಯರೇ ತೀರ್ಮಾನಿಸಲಿ. ಆರೋಗ್ಯ ಸಚಿವರು ಮುಂದಿನ ಬಜೆಟ್‌ಗೆ ಮುಂಚೆಯೇ ಇದನ್ನು ಕೈಗೆತ್ತಿಕೊಳ್ಳಬೇಕೆಂದು ವಿನಂತಿ.

– ಮೆಡಿಕಲ್ ಸ್ಟೋರ್ ಮಾಲೀಕ, ಅರಸೀಕೆರೆ