ಮತ ಹಾಕುವ ಆಟ, ಮಾತಿಗೊಂದು ನೆಪ

ಮಾನ್ಯ ಸಂಪಾದಕರೇ,

ಗೆಳೆಯರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ನಡೆಯುವ ತಮಾಷೆಯ ಪೋಲ್‌ಗಳೂ ಅವುಗಳ ಬೆನ್ನಿಗೇ ಶುರುವಾಗುವ ಕಾಲೆಳೆಯುವ ಮಾತುಗಳೂ ಕೆಲಸವಿಲ್ಲದವರ ಕಾಲಹರಣ ಎಂಬ ಅಭಿಪ್ರಾಯವನ್ನು ಆಗಾಗ ಕೇಳುತ್ತಿರುತ್ತೇನೆ. ಆ ಅಭಿಪ್ರಾಯವನ್ನು ನಾನು ಒಪ್ಪುವುದಿಲ್ಲ. ಮೂವತ್ತೊಂದು ಮಂದಿಯ ಇಂತಹ ಒಂದು ಗುಂಪಿನಲ್ಲಿ ಹತ್ತು ವರ್ಷಗಳಿಂದ ಇರುವ, ಈ ಆಟದಿಂದ ಸಿಗುವ ಸಂತೋಷವನ್ನೂ ಒಮ್ಮೆ ಇದೇ ಆಟದಿಂದ ಆದ ನೋವನ್ನೂ ಹತ್ತಿರದಿಂದ ಕಂಡಿರುವ ಓದುಗನಾಗಿ, ಇದರ ಪರವಾಗಿ ಕೆಲವು ಮಾತುಗಳನ್ನು ಹೇಳಬೇಕೆನಿಸಿ ಈ ಪತ್ರ ಬರೆಯುತ್ತಿದ್ದೇನೆ.

ನಮ್ಮ ಗುಂಪಿನಲ್ಲಿ ಕೆಲವರು ಒಬ್ಬರನ್ನೊಬ್ಬರು ಇಂದಿಗೂ ಮುಖತಃ ಕಂಡಿಲ್ಲ. 2022ರ ಕೊನೆಯಲ್ಲಿ ವಾಟ್ಸ್‌ಆ್ಯಪ್ ಪೋಲ್ ಸೌಲಭ್ಯ ಕೊಡುವವರೆಗೂ ನಾವು ಪ್ರಶ್ನೆಯ ಕೆಳಗೆ ಉತ್ತರಗಳಿಗೆ ಸಂಖ್ಯೆ ಹಾಕಿ, ಎಲ್ಲರೂ ಒಂದೋ ಎರಡೋ ಎಂದು ಬರೆದು, ರಾತ್ರಿ ಒಬ್ಬ ಗೆಳೆಯ ಕುಳಿತು ಕೈಯಲ್ಲೇ ಲೆಕ್ಕ ಹಾಕಿ ಫಲಿತಾಂಶ ಪ್ರಕಟಿಸುತ್ತಿದ್ದ. ಈಗ ಹನ್ನೆರಡು ಆಯ್ಕೆಗಳವರೆಗೆ ಕೊಡಬಹುದು, ಎಣಿಕೆ ತಾನೇ ಆಗುತ್ತದೆ. ಆದರೆ ಪ್ರಶ್ನೆಗಳ ಸ್ವಭಾವ ಬದಲಾಗಿಲ್ಲ: ಮಳೆಯಲ್ಲಿ ನೆನೆಯುವುದು ಹಿತವೋ, ಕಿಟಕಿಯ ಒಳಗಿನಿಂದ ನೋಡುವುದು ಹಿತವೋ, ಅಲಾರಂ ಬಡಿದಾಗ ಏಳುತ್ತೀರೋ, ಅದನ್ನು ಮತ್ತೆ ಹತ್ತು ನಿಮಿಷ ಮುಂದೂಡುತ್ತೀರೋ, ಫೋನ್ ಕರೆ ಬಂದರೆ ಎತ್ತುತ್ತೀರೋ, ಅದು ನಿಲ್ಲುವವರೆಗೆ ಕಾದು ಆಮೇಲೆ ಮೆಸೇಜ್ ಹಾಕುತ್ತೀರೋ.

ಇಂತಹ ಪ್ರಶ್ನೆಗಳ ನಿಜವಾದ ಉಪಯೋಗ ನನಗೆ ತಿಳಿದದ್ದು ಗುಂಪಿನಲ್ಲಿ ಎಂದೂ ಏನನ್ನೂ ಬರೆಯದ ಒಬ್ಬ ಗೆಳತಿಯಿಂದ. ನಾಲ್ಕು ವರ್ಷ ಅವರು ಒಂದು ಸಾಲನ್ನೂ ಬರೆದಿರಲಿಲ್ಲ, ಆದರೆ ಪ್ರತಿಯೊಂದು ಪೋಲ್‌ನಲ್ಲಿಯೂ ಅವರ ಮತ ಬಿದ್ದಿರುತ್ತಿತ್ತು. ಮಾತನಾಡಲು ಸಂಕೋಚಪಡುವವರಿಗೆ, ಏನು ಬರೆದರೆ ಯಾರು ಏನೆಂದುಕೊಳ್ಳುವರೋ ಎಂದು ಅಳುಕುವವರಿಗೆ, ಒಂದು ಬೆರಳಿನ ಒತ್ತು ತಾವೂ ಇಲ್ಲಿದ್ದೇವೆ ಎಂದು ತಿಳಿಸುವ ದಾರಿಯಾಗುತ್ತದೆ ಎಂಬುದು ನಮಗೆ ಬಹುಕಾಲ ಹೊಳೆದೇ ಇರಲಿಲ್ಲ. ಒಂದು ಸಂಜೆ ಯಾರೋ ಪುಸ್ತಕದ ಪುಟದ ಮೂಲೆ ಮಡಚುವುದು ಸರಿಯೇ ತಪ್ಪೇ ಎಂದು ಕೇಳಿದರು. ಮಡಚುವವರನ್ನು ಉಳಿದವರೆಲ್ಲ ಸೇರಿ ಚೆನ್ನಾಗಿ ಕಿಚಾಯಿಸುತ್ತಿದ್ದಾಗ ಆ ಗೆಳತಿ ಮೊದಲ ಬಾರಿಗೆ ಬರೆದರು: ತೀರಿಕೊಂಡ ತಮ್ಮ ತಂದೆಯ ಪುಸ್ತಕಗಳಲ್ಲಿ ಮಡಚಿದ ಮೂಲೆಗಳು ಹಾಗೆಯೇ ಇವೆ, ಅವರು ಎಲ್ಲಿ ಓದು ನಿಲ್ಲಿಸಿದರು ಎಂಬುದು ಅವುಗಳಿಂದಲೇ ತಮಗೆ ಗೊತ್ತು, ಆದ್ದರಿಂದ ತಮ್ಮ ಮತ ಮಡಚುವವರ ಕಡೆಗೆ. ಆ ರಾತ್ರಿ ಬಹಳ ಹೊತ್ತು ಎಲ್ಲರೂ ತಮ್ಮ ತಮ್ಮ ಮನೆಯ ಹಳೆಯ ಪುಸ್ತಕಗಳ ವಿಷಯ ಬರೆದರು. ನೇರವಾಗಿ ನಿಮ್ಮ ತಂದೆಯ ಬಗ್ಗೆ ಹೇಳಿ ಎಂದು ಕೇಳಿದ್ದರೆ ಅವರು ಖಂಡಿತ ಹೇಳುತ್ತಿರಲಿಲ್ಲ. ಮತ ಎಷ್ಟು ಬಿತ್ತು, ಯಾವ ಕಡೆ ಗೆದ್ದಿತು ಎಂಬುದು ನನಗೆ ಈಗ ನೆನಪಿಲ್ಲ.

ಪ್ರಶ್ನೆ ಚಿಕ್ಕದಾಗಿರುವುದೇ ಈ ಆಟದ ಬಲ ಎಂದು ನಾನು ನಂಬಿದ್ದೇನೆ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಚಿತ್ರ ಅಂತರ್ಜಾಲದಲ್ಲಿ ಹರಿದಾಡಿದ್ದು ಅನೇಕ ಓದುಗರಿಗೆ ನೆನಪಿರಬಹುದು. ಕೆಲವರಿಗೆ ಅದು ನೀಲಿ ಮತ್ತು ಕಪ್ಪು ಬಣ್ಣದ್ದಾಗಿ ಕಂಡರೆ, ಪಕ್ಕದಲ್ಲೇ ಕುಳಿತವರಿಗೆ ಬಿಳಿ ಮತ್ತು ಚಿನ್ನದ ಬಣ್ಣದ್ದಾಗಿ ಕಾಣುತ್ತಿತ್ತು. ಉಡುಪು ವಾಸ್ತವವಾಗಿ ನೀಲಿ ಮತ್ತು ಕಪ್ಪು ಬಣ್ಣದ್ದು. ಚಿತ್ರದಲ್ಲಿ ಬೆಳಕು ಎಂತಹದು ಎಂಬುದು ಸ್ಪಷ್ಟವಿಲ್ಲದಿದ್ದುದರಿಂದ ಒಬ್ಬೊಬ್ಬರ ಮಿದುಳು ಒಂದೊಂದು ರೀತಿಯಲ್ಲಿ ಬೆಳಕನ್ನು ಊಹಿಸಿ, ಅದಕ್ಕೆ ತಕ್ಕಂತೆ ಬಣ್ಣವನ್ನು ತಿದ್ದಿಕೊಂಡಿತು ಎಂದು ಬಳಿಕ ದೃಷ್ಟಿಯನ್ನು ಅಧ್ಯಯನ ಮಾಡುವವರು ವಿವರಿಸಿದರು. 2018ರ ಮೇ ತಿಂಗಳಲ್ಲಿ ಒಂದೇ ಧ್ವನಿಮುದ್ರಿಕೆ ಕೆಲವರಿಗೆ ‘ಯಾನಿ’ ಎಂದೂ ಕೆಲವರಿಗೆ ‘ಲಾರೆಲ್’ ಎಂದೂ ಕೇಳಿಸಿ ಮತ್ತೊಮ್ಮೆ ಅಂತಹದೇ ವಾಗ್ವಾದ ನಡೆಯಿತು. ಸೋತವರು ಏನನ್ನೂ ಕಳೆದುಕೊಳ್ಳದ ವಾದಗಳು ಇವು. ಅದಕ್ಕೇ ಜನ ಅಷ್ಟು ಬಿಚ್ಚುಮನಸ್ಸಿನಿಂದ ವಾದಿಸಿದರು, ತಮಗೆ ಕಂಡದ್ದೇ ಎಲ್ಲರಿಗೂ ಕಾಣುತ್ತದೆ ಎಂಬ ನಂಬಿಕೆಯನ್ನು ಒಂದು ದಿನದ ಮಟ್ಟಿಗಾದರೂ ಸಡಿಲಿಸಿದರು. ಧರ್ಮ, ರಾಜಕಾರಣಗಳ ವಿಷಯದಲ್ಲಿ ಅದೇ ಸಡಿಲಿಕೆ ಎಷ್ಟು ಕಷ್ಟ ಎಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕಾಲೆಳೆಯುವುದರ ಬಗ್ಗೆಯೂ ಒಂದು ಮಾತು ಹೇಳಬೇಕು. ಕಾಲೆಳೆಯುವುದು, ಕಿಚಾಯಿಸುವುದು, ಛೇಡಿಸುವುದು, ಗೇಲಿ, ಲೇವಡಿ, ಅಪಹಾಸ್ಯ, ಹೀಗೆ ನಮ್ಮ ಭಾಷೆಯಲ್ಲಿ ಇದಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪದಗಳಿವೆ. ಮೊದಲ ಮೆಟ್ಟಿಲಿನಲ್ಲಿ ನಿಂತವನ ಕೈ ಗೆಳೆಯನ ಹೆಗಲ ಮೇಲಿರುತ್ತದೆ, ಕೊನೆಯ ಮೆಟ್ಟಿಲಿನಲ್ಲಿ ನಿಂತವನು ಗೆಳೆಯನಾಗಿ ಉಳಿದಿರುವುದಿಲ್ಲ. ಮಾನವಶಾಸ್ತ್ರಜ್ಞ ರ‍್ಯಾಡ್‌ಕ್ಲಿಫ್ ಬ್ರೌನ್ 1940ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಹಾಸ್ಯಸಂಬಂಧ ಎಂಬ ಪರಿಕಲ್ಪನೆಯನ್ನು ವಿವರಿಸುತ್ತಾರೆ: ಒಬ್ಬರು ಇನ್ನೊಬ್ಬರನ್ನು ಛೇಡಿಸಲು ರೂಢಿಯೇ ಅನುಮತಿ ಕೊಟ್ಟಿರುತ್ತದೆ, ಛೇಡಿಸಿಕೊಂಡವರು ಬೇಸರಪಟ್ಟುಕೊಳ್ಳಬಾರದು ಎಂಬುದೂ ಅದೇ ರೂಢಿಯ ಭಾಗವಾಗಿರುತ್ತದೆ. ಜಗತ್ತಿನ ಅನೇಕ ಸಮುದಾಯಗಳಲ್ಲಿ ಕೆಲವು ನೆಂಟರ ನಡುವೆ ಇಂತಹ ಸಲುಗೆ ಇದೆ. ಆನ್‌ಲೈನ್ ಗೆಳೆತನಕ್ಕೆ ಅಂತಹ ಹಳೆಯ ರೂಢಿಯ ಆಸರೆ ಇಲ್ಲ. ಯಾರೊಡನೆ ಎಷ್ಟು ಸಲುಗೆ ಎಂಬುದನ್ನು ಪ್ರತಿಯೊಂದು ಗುಂಪೂ ತಾನೇ ಹೊಸದಾಗಿ ಕಂಡುಕೊಳ್ಳಬೇಕು.

ಅದರ ಮೇಲೆ ಧ್ವನಿಯೂ ಇಲ್ಲ, ಮುಖಭಾವವೂ ಇಲ್ಲ. 1982ರ ಸೆಪ್ಟೆಂಬರ್ 19ರಂದು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಗಣಕವಿಜ್ಞಾನಿ ಸ್ಕಾಟ್ ಫಾಲ್ಮನ್ ಅಲ್ಲಿನ ವಿದ್ಯುನ್ಮಾನ ಫಲಕದಲ್ಲಿ ಒಂದು ಸಲಹೆ ಬರೆದರು. ಲಿಫ್ಟ್‌ನಲ್ಲಿ ಪಾದರಸ ಚೆಲ್ಲಿದೆ ಎಂಬಂತಹ ತಮಾಷೆಯೊಂದನ್ನು ಕೆಲವರು ನಿಜವಾದ ಎಚ್ಚರಿಕೆ ಎಂದು ತಿಳಿದದ್ದರಿಂದ ಚರ್ಚೆ ಎದ್ದಿತ್ತು. ತಮಾಷೆಯ ಮಾತಿನ ಪಕ್ಕದಲ್ಲಿ ಒಂದು ವಿವರಣ ಚಿಹ್ನೆ, ಒಂದು ಅಡ್ಡಗೆರೆ, ಒಂದು ಆವರಣ ಚಿಹ್ನೆ ಹಾಕಿದರೆ ಓರೆಯಾಗಿ ನೋಡಿದಾಗ ನಗುಮುಖ ಕಾಣುತ್ತದೆ ಎಂದು ಅವರು ಸೂಚಿಸಿದರು. ನಾವು ಇಂದು ದಿನಕ್ಕೆ ನೂರು ಸಲ ಒತ್ತುವ ನಗುಮುಖಗಳ ಹಿಂದೆ, ಬರಹದಲ್ಲಿ ತಮಾಷೆ ತಪ್ಪಾಗಿ ಅರ್ಥವಾಗುತ್ತದೆ ಎಂಬ ಇದೇ ಹಳೆಯ ಚಿಂತೆ ಇದೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವೂ ಇದನ್ನೇ ತೋರಿಸಿತು: ಇ–ಮೇಲ್ ಬರೆದವರು ತಮ್ಮ ಮಾತಿನ ಧಾಟಿ ಓದುವವರಿಗೆ ತಿಳಿಯುತ್ತದೆ ಎಂದು ಎಷ್ಟು ಭರವಸೆ ಇಟ್ಟಿದ್ದರೋ, ಓದುವವರಿಗೆ ಅದು ಅಷ್ಟು ತಿಳಿಯಲಿಲ್ಲ. ಬರೆಯುವಾಗ ನಮ್ಮ ಧ್ವನಿ ನಮ್ಮ ಕಿವಿಯಲ್ಲಿ ಇರುತ್ತದೆ. ಓದುವವನ ಕಿವಿಯಲ್ಲಿ ಅದು ಇರುವುದಿಲ್ಲ.

ಈಗ ಆ ನೋವಿನ ಸಂಗತಿಗೆ ಬರುತ್ತೇನೆ. ಮೂರು ವರ್ಷಗಳ ಹಿಂದೆ ನಮ್ಮ ಗುಂಪಿನಲ್ಲಿ ‘ನಮ್ಮಲ್ಲಿ ಅತ್ಯಂತ ಸೋಮಾರಿ ಯಾರು’ ಎಂಬ ಪೋಲ್ ಬಂದಿತು. ನಾಲ್ವರ ಹೆಸರುಗಳಿದ್ದವು. ಹಿಂದೆ ಎಲ್ಲರಿಗಿಂತ ಹೆಚ್ಚು ಹರಟುತ್ತಿದ್ದ, ಕೆಲವು ತಿಂಗಳಿಂದ ಯಾವ ಮೆಸೇಜಿಗೂ ಉತ್ತರಿಸದೇ ಇದ್ದ ಗೆಳೆಯನೊಬ್ಬನ ಹೆಸರಿನ ಮುಂದೆ ಹದಿನೇಳು ಮತಗಳು ಬಿದ್ದವು. ಅವುಗಳಲ್ಲಿ ಒಂದು ನನ್ನದು. ಯಾರು ಯಾರಿಗೆ ಮತ ಹಾಕಿದರು ಎಂಬುದು ಎಲ್ಲರಿಗೂ ಕಾಣುತ್ತಿತ್ತು, ಮೊದಲ ಐದಾರು ಮತಗಳು ಅವನ ಕಡೆ ಬಿದ್ದ ಮೇಲೆ ಉಳಿದವರೂ ಅಲ್ಲೇ ಒತ್ತಿದರು. ಅವನು ಒಂದು ನಗುಮುಖ ಹಾಕಿ, ಎರಡು ದಿನ ಬಿಟ್ಟು ಗುಂಪಿನಿಂದ ಹೊರಗೆ ಹೋದ. ಹಾಸಿಗೆ ಹಿಡಿದಿದ್ದ ತಾಯಿಯ ಆರೈಕೆಯಲ್ಲಿ ಅವನು ಆ ತಿಂಗಳುಗಳ ರಾತ್ರಿಗಳನ್ನು ಕಳೆಯುತ್ತಿದ್ದ ಎಂಬುದು ನಮಗೆ ತಿಳಿದದ್ದು ಆಮೇಲೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯನ್ನು ಚಿಕ್ಕಂದಿನಿಂದ ಕೇಳಿದ್ದೆ. ಅದರ ಭಾರ ಏನೆಂದು ಅಂದು ತಿಳಿಯಿತು.

ಆ ಹದಿನೇಳು ಮಂದಿಯಲ್ಲಿ ಯಾರೂ ದುಷ್ಟರಲ್ಲ. ಮನಶ್ಶಾಸ್ತ್ರಜ್ಞ ಸಾಲೊಮನ್ ಆ್ಯಶ್ 1950ರ ದಶಕದಲ್ಲಿ ನಡೆಸಿದ ಪ್ರಸಿದ್ಧ ಪ್ರಯೋಗಗಳಲ್ಲಿ, ಗೆರೆಗಳ ಉದ್ದವನ್ನು ಹೋಲಿಸುವಂತಹ ಸರಳ ಪ್ರಶ್ನೆಗೂ ಸುತ್ತಲಿನವರೆಲ್ಲ ಬೇಕೆಂದೇ ತಪ್ಪು ಉತ್ತರ ಕೊಟ್ಟಾಗ, ಪರೀಕ್ಷೆಗೆ ಒಳಗಾದವರು ಸುಮಾರು ಮೂರರಲ್ಲಿ ಒಂದು ಸಲ ಅವರ ತಪ್ಪನ್ನೇ ಅನುಸರಿಸಿದರು. ಗೆಳೆಯರ ಗುಂಪಿನಲ್ಲಿ ಕಣ್ಣೆದುರಿಗೇ ಏರುತ್ತಿರುವ ಎಣಿಕೆಯ ಸೆಳೆತ ಅದಕ್ಕಿಂತ ಕಡಿಮೆಯೇನಲ್ಲ. ಮೆಸೇಜ್ ಕಳುಹಿಸುವ ಇನ್ನೊಂದು ಆ್ಯಪ್ ಆದ ಟೆಲಿಗ್ರಾಂ 2018ರ ಡಿಸೆಂಬರ್‌ನಲ್ಲಿ ಪೋಲ್ ಆರಂಭಿಸಿದಾಗ ಮತದಾರರ ಹೆಸರು ಯಾರಿಗೂ ಕಾಣುತ್ತಿರಲಿಲ್ಲ. 2020ರ ಜನವರಿಯಲ್ಲಿ ಹೆಸರು ಕಾಣುವ ಬಗೆಯನ್ನೂ ಸೇರಿಸಿದರು. ಹೆಸರು ಕಂಡರೆ ಕಾಲೆಳೆಯಲು ಅನುಕೂಲ, ನಿಜ. ಯಾರು ಅಲಾರಂ ಮುಂದೂಡುತ್ತಾರೆ ಎಂದು ಗೊತ್ತಾಗದಿದ್ದರೆ ಆ ಪೋಲ್‌ನಲ್ಲಿ ಸ್ವಾರಸ್ಯವೇ ಇಲ್ಲ. ಆದರೆ ಹೆಸರು ಮತದಾರನದ್ದಾಗಿರಬೇಕೇ ಹೊರತು ಆಯ್ಕೆಯಾಗಿ ಒಬ್ಬ ಮನುಷ್ಯನ ಹೆಸರು ಇರಬಾರದು.

ನಾವು ಆ ಗೆಳೆಯನಿಗೆ ಒಬ್ಬೊಬ್ಬರಾಗಿ ಫೋನ್ ಮಾಡಿ ಕ್ಷಮೆ ಕೇಳಿದೆವು. ಮೆಸೇಜಿನಲ್ಲಿ ಕೇಳಿದರೆ ಮತ್ತದೇ ಧ್ವನಿಯಿಲ್ಲದ ಮಾತಾಗುತ್ತದೆ ಎನಿಸಿತ್ತು. ಯಾರ ಹೆಸರನ್ನಾದರೂ ಪೋಲ್‌ನಲ್ಲಿ ಹಾಕುವುದಿದ್ದರೆ ಅದನ್ನು ಆ ವ್ಯಕ್ತಿಯೇ ಹಾಕಬೇಕು ಎಂಬ ಒಂದೇ ಒಂದು ನಿಯಮ ಅಂದಿನಿಂದ ನಮ್ಮಲ್ಲಿದೆ. ಏಳು ತಿಂಗಳ ಬಳಿಕ ಅವನು ಗುಂಪಿಗೆ ಮರಳಿದ, ಮರಳಿದ ದಿನವೇ ತನ್ನ ಹೆಸರನ್ನು ತಾನೇ ಹಾಕಿ, ತಾನಿಲ್ಲದಾಗ ಗುಂಪು ಹೇಗಿತ್ತು ಎಂದು ಕೇಳಿ ಒಂದು ಪೋಲ್ ಹಾಕಿದ. ಅಂದು ಮೂವತ್ತೊಂದು ಮಂದಿಯೂ ಮತ ಹಾಕಿದರು, ಅದು ನಮ್ಮಲ್ಲಿ ಬಲು ಅಪರೂಪ.

ಇನ್ನೊಂದು ಹಾನಿ ಗುಂಪಿನ ಹೊರಗೆ ಆಗುತ್ತದೆ. ತಮಾಷೆಗೆ ಕೇಳಿದ ಪ್ರಶ್ನೆಯ ಫಲಿತಾಂಶದ ಸ್ಕ್ರೀನ್‌ಶಾಟ್ ತೆಗೆದು ‘ಜನರ ಅಭಿಪ್ರಾಯ’ ಎಂಬ ತಲೆಬರಹದೊಂದಿಗೆ ಊರೆಲ್ಲ ಹಂಚುವವರಿದ್ದಾರೆ. ಮತಗಳು ಹೆಚ್ಚಾದಷ್ಟೂ ಸತ್ಯ ಹತ್ತಿರವಾಗುತ್ತದೆ ಎಂದು ನಂಬುವವರು 1936ರ ಅಮೆರಿಕದ ಅಧ್ಯಕ್ಷ ಚುನಾವಣೆಯನ್ನು ನೆನೆಯಬೇಕು. ‘ಲಿಟರರಿ ಡೈಜೆಸ್ಟ್’ ಎಂಬ ಪತ್ರಿಕೆ ಸುಮಾರು 1 ಕೋಟಿ ಮಂದಿಗೆ ಮತಪತ್ರ ಕಳುಹಿಸಿ, 20 ಲಕ್ಷಕ್ಕೂ ಹೆಚ್ಚು ಉತ್ತರ ಪಡೆದು, ಆಲ್ಫ್ರೆಡ್ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಸಾರಿತು. ಗೆದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್, ಅದೂ 48 ರಾಜ್ಯಗಳ ಪೈಕಿ 46ರಲ್ಲಿ. ಪತ್ರಿಕೆ ದೂರವಾಣಿ ಪಟ್ಟಿ, ಕಾರು ಮಾಲೀಕರ ಪಟ್ಟಿಗಳಂತಹವುಗಳಿಂದ ಹೆಸರು ಆರಿಸಿತ್ತು, ಉತ್ತರಿಸಲು ಮನಸ್ಸು ಮಾಡಿದವರೂ ಉಳಿದವರಿಗಿಂತ ಭಿನ್ನರಾಗಿದ್ದರು. ಅದಕ್ಕಿಂತ ಎಷ್ಟೋ ಕಡಿಮೆ ಮಂದಿಯನ್ನು ಕೇಳಿದ ಜನಾಭಿಪ್ರಾಯ ಸಮೀಕ್ಷಕ ಜಾರ್ಜ್ ಗ್ಯಾಲಪ್ ಗೆಲ್ಲುವವರನ್ನು ಸರಿಯಾಗಿ ಹೇಳಿದ್ದರು. ಹೀಗಿರುವಾಗ ಅಭಿರುಚಿ ಕೂಡಿಯೇ ಗೆಳೆಯರಾದ ಮೂವತ್ತೊಂದು ಮಂದಿಯ ಮತದಿಂದ ನಾಡಿನ ಮನಸ್ಸು ತಿಳಿಯುವುದು ಹೇಗೆ?

ಆಟ ಯಾವುದು, ತೀರ್ಮಾನ ಯಾವುದು ಎಂಬುದನ್ನು ಕೇಳುವವರು ಮೊದಲೇ ಹೇಳಬೇಕು. 2016ರಲ್ಲಿ ಬ್ರಿಟನ್ನಿನ ನೈಸರ್ಗಿಕ ಪರಿಸರ ಸಂಶೋಧನಾ ಮಂಡಳಿ ಧ್ರುವಪ್ರದೇಶದ ತನ್ನ ಹೊಸ ಹಡಗಿಗೆ ಹೆಸರು ಸೂಚಿಸಿ ಎಂದು ಅಂತರ್ಜಾಲದಲ್ಲಿ ಕೇಳಿದಾಗ ‘ಬೋಟಿ ಮೆಕ್‌ಬೋಟ್‌ಫೇಸ್’ ಎಂಬ, ದೋಣಿಮುಖದ ದೋಣಿ ಎಂಬಂತಹ ಅರ್ಥದ ತುಂಟ ಹೆಸರಿಗೆ 1,24,000ಕ್ಕೂ ಹೆಚ್ಚು ಮತ ಬಂದವು. ಹಡಗಿಗೆ ಕೊನೆಗೆ ನಿಸರ್ಗದ ಸಾಕ್ಷ್ಯಚಿತ್ರಗಳಿಗೆ ಹೆಸರಾದ ಸರ್ ಡೇವಿಡ್ ಅಟೆನ್‌ಬರೋ ಅವರ ಹೆಸರಿಟ್ಟರು. ಮತ ಹಾಕಿದವರನ್ನು ಆಗ ಅನೇಕರು ಬೇಜವಾಬ್ದಾರಿಯವರೆಂದು ಜರೆದರು, ನನಗೆ ಹಾಗೆನಿಸುವುದಿಲ್ಲ. ಆಟವೆಂಬಂತೆ ಕರೆದರೆ ಜನ ಆಡಲು ಬರುತ್ತಾರೆ. ಮಂಡಳಿ ಆ ತುಂಟ ಹೆಸರನ್ನು ಎಸೆಯದೆ, ನೀರಿನೊಳಗೆ ತಾನೇ ಚಲಿಸಿ ಸಂಶೋಧನೆ ಮಾಡುವ ಪುಟ್ಟ ಜಲವಾಹನಕ್ಕೆ ಇಟ್ಟದ್ದು ನನಗೆ ಬಹಳ ಇಷ್ಟವಾದ ಸಂಗತಿ.

ಈ ಹಿನ್ನೆಲೆಯಲ್ಲಿ ತಮ್ಮಲ್ಲಿ ನನ್ನದೊಂದು ಕೋರಿಕೆ ಇದೆ. ಪತ್ರಿಕೆಗಳ ಜಾಲತಾಣಗಳಲ್ಲಿ ಓದುಗರಿಗಾಗಿ ಹಾಕುವ ದಿನದ ಪ್ರಶ್ನೆಯ ಫಲಿತಾಂಶವನ್ನು ಪ್ರಕಟಿಸುವಾಗ ಶೇಕಡಾವಾರು ಲೆಕ್ಕದ ಜೊತೆಗೆ ಒಟ್ಟು ಎಷ್ಟು ಮಂದಿ ಮತ ಹಾಕಿದರು ಎಂಬುದನ್ನೂ, ಅವರು ತಾವಾಗಿ ಬಂದು ಮತ ಹಾಕಿದವರು, ಸಮೀಕ್ಷೆಗಾಗಿ ಆರಿಸಿದವರಲ್ಲ ಎಂಬ ಒಂದು ಸಾಲನ್ನೂ ಅದೇ ಗಾತ್ರದ ಅಕ್ಷರಗಳಲ್ಲಿ ದಯವಿಟ್ಟು ಮುದ್ರಿಸಿ. ಹಾಗೆಯೇ ವಾರಕ್ಕೆ ಒಂದು ದಿನವಾದರೂ ಆ ಜಾಗದಲ್ಲಿ ಯಾರಿಗೂ ಸೋಲಿಲ್ಲದ ಒಂದು ಚಿಕ್ಕ ಪ್ರಶ್ನೆಯನ್ನು ಕೇಳಿ, ಮತದ ಎಣಿಕೆಯ ಬದಲಿಗೆ ಓದುಗರು ಕೊಟ್ಟ ಕಾರಣಗಳಲ್ಲಿ ಐದಾರನ್ನು ಆಯ್ದು ಪ್ರಕಟಿಸಿ. ಪುಟದ ಮೂಲೆ ಮಡಚುವವರ ಪ್ರಶ್ನೆಯಿಂದಲೇ ಆರಂಭಿಸಬಹುದು.

ಇಂತಿ ತಮ್ಮ ವಿಶ್ವಾಸಿ,
ಪತ್ರಿಕೆಯ ಹಳೆಯ ಓದುಗ