ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು

ಪ್ರೀತಿಯ ಸುಗುಣಾ,

ಅಮೆರಿಕದ ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ಕ್ರೈಸ್ತ ಪುಸ್ತಕದಂಗಡಿ ಇಡುವ ಆಸೆ ಎಂದು ಬರೆದಿದ್ದೀ. ಬೇಡ ಅನ್ನುವುದಿಲ್ಲ, ಲೆಕ್ಕ ನೋಡು.

ನಿನ್ನ ಊರಿನದೇ ಫ್ಯಾಮಿಲಿ ಕ್ರಿಶ್ಚಿಯನ್ ಸ್ಟೋರ್ಸ್ 2017ರಲ್ಲಿ 36 ರಾಜ್ಯಗಳಲ್ಲಿದ್ದ ತನ್ನ 240 ಅಂಗಡಿಗಳಿಗೂ ಬೀಗ ಹಾಕಿತು. ಸದರ್ನ್ ಬ್ಯಾಪ್ಟಿಸ್ಟ್ ಎಂಬ ಕ್ರೈಸ್ತ ಪಂಗಡದ ಲೈಫ್‌ವೇ 2019ರಲ್ಲಿ 170 ಅಂಗಡಿ ಮುಚ್ಚಿ ಆನ್‌ಲೈನಿಗೆ ಹೋಯಿತು. ಗೀತೆಗಳ ಸಿಡಿ ಫೋನಿನೊಳಗೆ ಸೇರಿತು. ಬೇಗ ಓಡುವ ಪುಸ್ತಕಗಳನ್ನು ಅಮೆಜಾನ್, ವಾಲ್‌ಮಾರ್ಟ್ ಎತ್ತಿಕೊಂಡವು. ಅಂಗಡಿಯವರ ಪಾಲಿಗೆ ನಿಧಾನದ ಸರಕೇ ಉಳಿಯಿತು.

20 ಡಾಲರಿನ ಪುಸ್ತಕ 40% ಕಮಿಷನ್ನಿಗೆ ಸಿಕ್ಕಿತೆನ್ನು, ನಿನಗೆ ಉಳಿಯುವುದು 8. ಆನ್‌ಲೈನ್ ಬೆಲೆಗೆ ಸರಿಗಟ್ಟಲು 14ಕ್ಕೆ ಕೊಟ್ಟರೆ ಬರೀ 2. ತಿಂಗಳ ಬಾಡಿಗೆ 3,000 ಆದರೆ, ಪೂರ್ತಿ ಬೆಲೆಗೆ 375 ಪುಸ್ತಕ ಮಾರಿದಾಗ ಬಾಡಿಗೆಯೊಂದೇ ತೀರುತ್ತದೆ. ಸಂಬಳ, ಕರೆಂಟು ಆಮೇಲೆ. ಆದ್ದರಿಂದ ಬೆಲೆಯ ಪೈಪೋಟಿಗೆ ಇಳಿಯಲೇಬೇಡ.

ಕೈಯಲ್ಲಿ ಹಿಡಿದು ನೋಡಿ ಕೊಳ್ಳುವುದನ್ನು ಮಾರು. ಬೈಬಲ್ ಅಂಥದ್ದು: ಅಕ್ಷರದ ಗಾತ್ರ, ಹಾಳೆಯ ಹಿಂದಿನ ಅಚ್ಚು ಎಷ್ಟು ಕಾಣುತ್ತದೆ, ಬಿಡಿಸಿಟ್ಟರೆ ಮಡಚದೆ ನಿಲ್ಲುತ್ತದೆಯೇ ಎಂಬುದು ಪರದೆಯ ಮೇಲೆ ತಿಳಿಯದು. ರಕ್ಷಾಪುಟದ ಮೇಲೆ ಚಿನ್ನದ ಬಣ್ಣದಲ್ಲಿ ಹೆಸರು ಒತ್ತಿಸಿಕೊಳ್ಳಲೂ ಜನ ಅಂಗಡಿಗೇ ಬರುತ್ತಾರೆ. ಒತ್ತುವ ಮೊದಲು ಸ್ಪೆಲ್ಲಿಂಗನ್ನು ಗಿರಾಕಿಯ ಕೈಯಿಂದಲೇ ಬರೆಸಿ ಸಹಿ ಹಾಕಿಸಿಕೋ. ಒಮ್ಮೆ ಹೆಸರು ಬಿದ್ದ ಪ್ರತಿಯನ್ನು ಪ್ರಕಾಶಕರು ವಾಪಸು ತೆಗೆದುಕೊಳ್ಳರು. ಚರ್ಮದ ಪುಡಿ ಅಂಟಿಸಿ ಮಾಡಿದ ಅಗ್ಗದ ರಕ್ಷಾಪುಟಕ್ಕೆ ಬಿಸಿ ಹೆಚ್ಚಾದರೆ ಸುಟ್ಟ ಕಲೆ ಉಳಿಯುತ್ತದೆ, ಮೊದಲು ಹಾಳಾದ ಪ್ರತಿಯೊಂದರ ಮೇಲೆ ಒತ್ತಿ ನೋಡು. (ಕನ್ನಡ ಬೈಬಲನ್ನು ದಾಸ್ತಾನು ಮಾಡಬೇಡ. ವರ್ಷಕ್ಕೆ ನಾಲ್ಕು ಹೋದರೆ ನಿನ್ನ ಪುಣ್ಯ.)

ಚರ್ಚ್ ಸಭೆಗಳ ಆರ್ಡರ್ ಇನ್ನೊಂದು ಆಧಾರ. ಪ್ರಭುಭೋಜನದ ಬಟ್ಟಲು, ಮೇಣದಬತ್ತಿ, ಸಂಡೇ ಸ್ಕೂಲ್ ಪಾಠಗಳು ವರ್ಷ ವರ್ಷವೂ ಬೇಕು. ಆರ್ಡರ್ ಬರೆಸಿಕೊಂಡ ಮೇಲೆಯೇ ತರಿಸು. ಕ್ರಿಸ್ಮಸ್ ಅಲಂಕಾರವನ್ನೂ ಕ್ಯಾಲೆಂಡರನ್ನೂ ಧೈರ್ಯದ ಮೇಲೆ ತರಿಸಿದರೆ ಜನವರಿಗೆ ಅವು ಕಸ.

ಮಾರಿದ ಮೇಲೆ ಹಣ ಕೊಡುವ ಷರತ್ತಿನಲ್ಲಿ ಇಟ್ಟ ಸರಕಿಗೆ ಬೇರೆ ಲೆಕ್ಕದ ಪುಸ್ತಕ, ಬೇರೆ ಬ್ಯಾಂಕ್ ಖಾತೆ ಇಡು. ಆ ಹಣ ನಿನ್ನದಲ್ಲ. ಫ್ಯಾಮಿಲಿ ಕ್ರಿಶ್ಚಿಯನ್ 2015ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಇಂಥ ಸರಕು ಯಾರದೆಂಬ ಜಗಳವೇ ಕೋರ್ಟಿನ ಮುಂದೆ ಬಂತು.

ಬಾಡಿಗೆ ಕರಾರು ಐದು ವರ್ಷಕ್ಕೆ ಬೇಡ. ಒಂದು ವರ್ಷ, ಮುಂದುವರಿಸುವ ಹಕ್ಕು ನಿನ್ನ ಕಡೆ. ‘ವೈಯಕ್ತಿಕ ಜಾಮೀನು’ ಎಂಬ ಸಾಲು ಕರಾರಿನ ಕೊನೆಯ ಪುಟಗಳಲ್ಲಿ ಅಡಗಿರುತ್ತದೆ. ಅದಿದ್ದರೆ ಅಂಗಡಿ ಮುಚ್ಚಿದರೂ ಬಾಕಿ ನಿನ್ನ ಮನೆಗೇ ಬರುತ್ತದೆ. ಆ ಪುಟಗಳ ಫೋಟೋ ತೆಗೆದು ನನಗೆ ಕಳಿಸು, ಸಹಿ ಆಮೇಲೆ.

ನಿನ್ನ ದೊಡ್ಡಪ್ಪ