ಈ ಹಂಗಾಮನ್ನು ದಾಟಿಸಿದವರಿಗೆ

ಈ ವರ್ಷದ ಮೆಣಸಿನಕಾಯಿ ಹಂಗಾಮಿನಲ್ಲಿ ಪೇಟೆಯ ಒಂದು ದಿನವನ್ನೂ ತಪ್ಪಿಸದೆ ಬ್ಯಾಡಗಿಯ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆದಿದ್ದೇನೆ. ಆವಕ ಹೆಚ್ಚಿದ ದಿನಗಳಲ್ಲಿ ಟೆಂಡರ್ ಮುಗಿದು, ತೂಕವಾಗಿ, ರೈತರ ಕೈಗೆ ಪಟ್ಟಿ ಸೇರುವಷ್ಟರಲ್ಲಿ ರಾತ್ರಿಯೇ ಆಗುತ್ತಿತ್ತು. ಉಳಿದವರಿಗೆ ಇದರಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣಲಿಕ್ಕಿಲ್ಲ. ಆದರೆ ಹಿಂದಿನ ಹಂಗಾಮಿನಲ್ಲಿ ನೋವು ತಾಳಲಾರದೆ ನಡುವೆಯೇ ಕೆಲಸ ಬಿಟ್ಟು ಮನೆ ಸೇರಿದ್ದ ನನಗೆ ಇದು ಸಣ್ಣ ಸಂಗತಿಯಲ್ಲ. ಇದನ್ನು ಸಾಧ್ಯವಾಗಿಸಿದವರನ್ನು ನಾಲ್ಕು ಜನರ ಎದುರು ನೆನೆಯಬೇಕೆಂದು ಈ ಬರಹ. ತಮ್ಮ ಹೆಸರು ಬೇಡವೆಂದು ಅವರಲ್ಲಿ ಹಲವರು ಹೇಳಿದ್ದರಿಂದ ಯಾರ ಹೆಸರನ್ನೂ ಹಾಕಿಲ್ಲ.

ನನಗಿರುವುದು ಮೂತ್ರಕೋಶದ ದೀರ್ಘಕಾಲದ ನೋವು. ವೈದ್ಯರು ಇದನ್ನು ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಅಥವಾ ಬ್ಲ್ಯಾಡರ್ ಪೇನ್ ಸಿಂಡ್ರೋಮ್ ಎನ್ನುತ್ತಾರೆ. ಮೂತ್ರಕೋಶ ತುಂಬುತ್ತಿದ್ದಂತೆ ಕಿಬ್ಬೊಟ್ಟೆಯಲ್ಲಿ ನೋವು ಏರುತ್ತದೆ, ಹೋಗಿ ಬಂದರೆ ತುಸು ಇಳಿಯುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಗುತ್ತದೆ. ರಾತ್ರಿಯ ನಿದ್ದೆಯೂ ಇದರ ಲೆಕ್ಕಕ್ಕೇ ಹೋಗುತ್ತದೆ. ನಮ್ಮ ಕಡೆ ಇದಕ್ಕೆ ‘ಉಷ್ಣ ಆಗ್ಯದ’ ಎನ್ನುವುದೊಂದೇ ಉತ್ತರ, ಜೀರಿಗೆ ನೀರು ಒಂದೇ ಮದ್ದು. ಮೂತ್ರದ ಪರೀಕ್ಷೆಯಲ್ಲಿ ಸೋಂಕು ಇಲ್ಲವೆಂದು ಬಂದ ಮೇಲೂ ಆ್ಯಂಟಿಬಯೋಟಿಕ್ ಬರೆದುಕೊಟ್ಟವರಿದ್ದರು, ಮನಸ್ಸಿಗೆ ಹಚ್ಚಿಕೊಂಡಿದ್ದೀರಿ ಎಂದವರೂ ಇದ್ದರು.

ಆದ್ದರಿಂದಲೇ ಮೊದಲ ನಮಸ್ಕಾರ ಹುಬ್ಬಳ್ಳಿಯ ಯೂರಾಲಜಿಸ್ಟ್ ಅವರಿಗೆ. ಹಳೆಯ ವರದಿಗಳನ್ನೆಲ್ಲ ಓದಿ ಮುಗಿಸಿ, ‘ನೋಡವ್ವಾ, ರಿಪೋರ್ಟ್ ಚೊಲೋ ಬಂದಾವ ಅಂದ್ರ ನಿನ್ನ ನೋವು ಸುಳ್ಳು ಅಂತ ಅರ್ಥ ಅಲ್ಲ’ ಎಂದವರು ಅವರು. ನೋವು 6 ವಾರಗಳನ್ನು ಮೀರಿದ್ದು, ಸೋಂಕು, ಕಲ್ಲು, ಗಡ್ಡೆ ಇವ್ಯಾವುವೂ ಅಲ್ಲವೆಂದು ಒಂದೊಂದಾಗಿ ತಳ್ಳಿಹಾಕಿದ ಮೇಲಷ್ಟೇ ಈ ಕಾಯಿಲೆಯ ಹೆಸರನ್ನು ಹೇಳಬೇಕು ಎಂದು ಅವರು ವಿವರಿಸಿದರು. ಮೂತ್ರನಾಳಗಳ ಕ್ಷಯವೂ ಹೀಗೆಯೇ ಕಾಣಿಸಿಕೊಳ್ಳಬಹುದಾದ್ದರಿಂದ ಅದರ ಪರೀಕ್ಷೆಯನ್ನೂ ಬಿಡಲಿಲ್ಲ. ನಂತರ ಸಿಸ್ಟೋಸ್ಕೋಪಿ, ಅಂದರೆ ಮೂತ್ರದ ದಾರಿಯಿಂದ ಸಣ್ಣ ಕ್ಯಾಮೆರಾ ನಳಿಕೆ ಇಳಿಸುವ ಪರೀಕ್ಷೆ, ಮಾಡಿ ಮೂತ್ರಕೋಶದ ಒಳಗೋಡೆಯನ್ನು ನೋಡಿದರು. ಕೆಲವರಲ್ಲಿ ಅಲ್ಲಿ ಕೆಂಪನೆಯ ಗಾಯಗಳಿರುತ್ತವೆ. 1915ರಲ್ಲಿ ಅವುಗಳ ಬಗ್ಗೆ ಬರೆದ ಅಮೆರಿಕದ ವೈದ್ಯ ಗೈ ಹನ್ನರ್ ಅವರ ಹೆಸರಿನಿಂದಲೇ ಅವುಗಳನ್ನು ಕರೆಯುತ್ತಾರೆ, ಸುಟ್ಟು ತೆಗೆದರೆ ಅಂಥವರಿಗೆ ಬೇಗ ಆರಾಮ ಸಿಗುತ್ತದೆಯಂತೆ. ನನಗೆ ಆ ಗಾಯಗಳಿರಲಿಲ್ಲ, ಹಾಗಾಗಿ ಆ ಹತ್ತಿರದ ದಾರಿಯೂ ಇರಲಿಲ್ಲ. ‘ಪೂರ್ತಿ ಗುಣ ಮಾಡ್ತೀನಿ ಅಂತ ಮಾತು ಕೊಡೂದಿಲ್ಲ, ಹತೋಟಿಯೊಳಗ ಇಡೂಣು’ ಎಂದರು. ಗುಣಪಡಿಸುವ ಭರವಸೆಗಳನ್ನು ಸಾಕಷ್ಟು ಕೇಳಿದ್ದ ನನಗೆ ಈ ಮಾತಿನ ಮೇಲೆಯೇ ಹೆಚ್ಚು ನಂಬಿಕೆ ಹುಟ್ಟಿತು.

ಔಷಧದ ವಿಷಯದಲ್ಲಿಯೂ ಅವರು ಏನನ್ನೂ ಮುಚ್ಚಿಡಲಿಲ್ಲ. ಪೆಂಟೋಸಾನ್ ಎಂಬ ಕ್ಯಾಪ್ಸೂಲ್ ಇದೆ, ಅಮೆರಿಕದಲ್ಲಿ 1996ರಲ್ಲಿಯೇ ಅನುಮತಿ ಪಡೆದದ್ದು. ದಿನಕ್ಕೆ ಮೂರು ಬಾರಿ 100 ಮಿಲಿಗ್ರಾಂ ನುಂಗಬೇಕು, ಫಲ ಕಾಣಲು ತಿಂಗಳುಗಳೇ ಹಿಡಿಯಬಹುದು, ವರ್ಷಗಟ್ಟಲೆ ತೆಗೆದುಕೊಂಡರೆ ಕಣ್ಣಿನ ಅಕ್ಷಿಪಟಕ್ಕೆ ತೊಂದರೆಯಾಗುವ ಸಂಭವವಿದೆ ಎಂದು ತಿಳಿಸಿ, ತೀರ್ಮಾನವನ್ನು ನನಗೇ ಬಿಟ್ಟರು. ದಿನವಿಡೀ ಅಂಕಿಗಳನ್ನು ನೋಡುವ ಕೆಲಸದವಳು ನಾನು, ಬೇಡವೆಂದೆ. ಅದರ ಬದಲು ನರಗಳ ನೋವನ್ನು ತಗ್ಗಿಸುವ ಅಮಿಟ್ರಿಪ್ಟಿಲಿನ್ ಮಾತ್ರೆಯನ್ನು ರಾತ್ರಿ 10 ಮಿಲಿಗ್ರಾಂನಿಂದ ಆರಂಭಿಸಿದರು. ನೋವು ತೀರಾ ಕೆರಳಿದಾಗ ಸಣ್ಣ ನಳಿಕೆಯ ಮೂಲಕ ಹೆಪಾರಿನ್ ಮತ್ತು ಮರಗಟ್ಟಿಸುವ ಮದ್ದಾದ ಲಿಗ್ನೊಕೇನ್ ಸೇರಿದ ದ್ರಾವಣವನ್ನು ಮೂತ್ರಕೋಶದೊಳಗೆ ತುಂಬುತ್ತಿದ್ದರು. ಆ ಹೊತ್ತಿನಲ್ಲಿ ಪರದೆ ಸರಿಯಾಗಿ ಎಳೆದಿದೆಯೇ ಎಂದು ಮರಳಿ ಮರಳಿ ನೋಡುತ್ತಿದ್ದ ಸಿಸ್ಟರ್ ಅವರಿಗೂ ನಾನು ಋಣಿ.

ಫಿಸಿಯೋಥೆರಪಿಸ್ಟ್ ಅವರ ಬಳಿಗೆ ಕಳಿಸಿದಾಗ ಮೂತ್ರಕೋಶದ ನೋವಿಗೆ ವ್ಯಾಯಾಮವೇ ಎಂದು ಮನೆಯಲ್ಲಿ ಎಲ್ಲರಿಗೂ ಅನುಮಾನ. ಮೂತ್ರ ತಡೆಯಲಾಗದವರಿಗೆ ಕೆಳಸ್ನಾಯುಗಳನ್ನು ಬಿಗಿ ಹಿಡಿಯುವ ಕೆಗೆಲ್ ವ್ಯಾಯಾಮ ಹೇಳಿಕೊಡುತ್ತಾರೆ. ನನ್ನಂಥವರಲ್ಲಿ ಆ ಸ್ನಾಯುಗಳು ನೋವಿಗೆ ಹೆದರಿ ಮೊದಲೇ ಗಂಟು ಬಿದ್ದಿರುವುದರಿಂದ ಅವನ್ನು ಸಡಿಲಿಸುವುದನ್ನೇ ಕಲಿಯಬೇಕಾಗುತ್ತದೆ. ತಾಯಂದಿರ ಜೊತೆಗೂ ಆಡಲು ನಾಚುವ ಮಾತುಗಳನ್ನು ಆ ಹೆಣ್ಣುಮಗಳು ಎಷ್ಟು ಸಹಜವಾಗಿ ಆಡಿದಳೆಂದರೆ, ನನ್ನ ಅರ್ಧ ಬಿಗಿ ಅಲ್ಲಿಯೇ ಇಳಿಯಿತು. ಎಷ್ಟು ಕುಡಿದೆ, ಎಷ್ಟು ಹೊತ್ತಿಗೆ ಹೋದೆ ಎಂದು ಬರೆದಿಟ್ಟು ನಡುವಿನ ಅಂತರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುವುದನ್ನು ಕಲಿಸಿದವಳೂ ಅವಳೇ. ಖಾತೆ ಬರೆಯುವವಳಿಗೆ ಅದೇನೂ ಕಷ್ಟವಾಗಲಿಲ್ಲ.

ಇನ್ನು ನಮ್ಮ ಅತ್ತೆಯವರು. ಬ್ಯಾಡಗಿ ಮೆಣಸಿನಕಾಯಿಗೆ ಖಾರ ಕಡಿಮೆ, ಬಣ್ಣ ಹೆಚ್ಚು. 2011ರಲ್ಲಿ ಭೌಗೋಳಿಕ ಸೂಚಕ ಸಿಕ್ಕಿದ್ದೂ ಆ ಗುಣಕ್ಕಾಗಿ. ಆದರೆ ನನ್ನ ಮೂತ್ರಕೋಶ ಆ ಭೇದವನ್ನು ಒಪ್ಪಲಿಲ್ಲ. ರಂಜಕವಿಲ್ಲದೆ ರೊಟ್ಟಿ ಇಳಿಯದ ಮನೆಯಲ್ಲಿ ಖಾರ, ಚಹಾ, ಟೊಮ್ಯಾಟೊ, ನಿಂಬೆ ಎಲ್ಲವನ್ನೂ ಒಮ್ಮೆ ನಿಲ್ಲಿಸಿ, ಆಮೇಲೆ ಒಂದೊಂದನ್ನೇ ತಿಂದು ನೋಡಬೇಕಾಯಿತು. ಎಲ್ಲರಿಗೂ ಎಲ್ಲವೂ ತೊಂದರೆ ಕೊಡುವುದಿಲ್ಲ. ನನಗೆ ಮಜ್ಜಿಗೆ ಸೇರಿತು, ಟೊಮ್ಯಾಟೊ ಇಂದಿಗೂ ಸೇರುವುದಿಲ್ಲ. ‘ನಿಂದು ಮೊದಲ ತಗದಿಟ್ಟೀನಿ, ಆಮ್ಯಾಲೆ ಖಾರ ಹಾಕೀನಿ’ ಎಂದು ಹೆಸರುಕಾಳಿನ ಪಲ್ಯದ ಸಣ್ಣ ಪಾತ್ರೆಯನ್ನು ಅವರು ನನ್ನ ಕಡೆ ಸರಿಸುತ್ತಿದ್ದರು. ಮಾತ್ರೆಯಿಂದ ಮಲಬದ್ಧತೆಯಾಗಿ ನೋವು ಹೆಚ್ಚಿದಾಗ ಬುತ್ತಿಗೆ ಸೊಪ್ಪು ಸೇರಿಸಿದವರೂ ಅವರೇ. ಇದನ್ನೆಲ್ಲ ಅವರು ನೆರೆಹೊರೆಯವರ ಮುಂದೆ ಒಂದು ದಿನವೂ ಆಡಿಲ್ಲ.

ಅಂಗಡಿಯ ಮಾಲಕರು ನನ್ನ ಮೇಜನ್ನು ಹಿಂಬಾಗಿಲ ಬಳಿಗೆ ಹಾಕಿಸಿ, ಶೌಚಾಲಯದ ಕೀಲಿಯನ್ನು ಗೋಡೆಯ ಮೊಳೆಗೆ ತೂಗುಹಾಕಿದರು. ಟೆಂಡರಿನ ಗಡಿಬಿಡಿಯಲ್ಲಿ ನಾನು ಎದ್ದು ಹೋದಾಗ ಹಮಾಲರಲ್ಲಿ ಯಾರೂ ಎಲ್ಲಿಗೆಂದು ಕೇಳಲಿಲ್ಲ. ಆಸ್ಪತ್ರೆಗೆ ಬಸ್ಸಿಗಿಂತ ರೈಲೇ ಲೇಸು, ಅದರಲ್ಲಿ ಶೌಚಾಲಯ ಇರುತ್ತದೆ ಎಂದು ಹೊಳೆಯಿಸಿದವರು ನನ್ನ ಯಜಮಾನರು.

ಆ ಕೀಲಿಯನ್ನು ಈಗ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳೂ ಬಳಸುತ್ತಾರೆ. ಹೋಗಲು ಜಾಗವಿಲ್ಲವೆಂದು ಇಡೀ ದಿನ ನೀರು ಕುಡಿಯದೆ ಕೂರುವವರು ಅವರಲ್ಲಿದ್ದಾರೆ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಇನ್ನಷ್ಟು ಉರಿಯುತ್ತದೆ. ಯಾರಿಗಾದರೂ ಇಂಥ ನೋವು ವಾರಗಟ್ಟಲೆ ಬಿಡದೆ ಇದ್ದರೆ ಅಂಗಡಿಗೆ ಬಂದು ಕೇಳಿ, ಹುಬ್ಬಳ್ಳಿಯ ವೈದ್ಯರ ವಿಳಾಸವನ್ನು ಬರೆದುಕೊಡುತ್ತೇನೆ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ನನ್ನ ಬಳಿಗೂ ಬರದೆ ನೇರವಾಗಿ ಆಸ್ಪತ್ರೆಗೇ ಹೋಗಿ.